ದೋನ್ಕಾಳ ದಿಂಬು
ದಾನ್ಯೂಬ್ ದಡದ ನಮ್ಮ ಹೆರಿಗೆ ಆಸ್ಪತ್ರೆಯ ಹಿರಿಯ ಸೂಲಗಿತ್ತಿ ದೋನ್ಕಾಳ ಕೈಯಲ್ಲಿ ಕತ್ತರಿ, ಕಂಕುಳಲ್ಲಿ ಹಳೆಯ ದಿಂಬು ಸದಾ ಇರುತ್ತವೆ; ದಿಂಬು ಸೊಂಟನೋವಿಗಂತೆ. ಚೊಚ್ಚಲು ಎಂದು ಕಿವಿಗೆ ಬಿದ್ದರೆ ಸಾಕು, ಮಗು ಬರುವ ದಾರಿಯನ್ನು ಕುಯ್ದು ಅಗಲಿಸಿಬಿಡುತ್ತಾಳೆ. ಹೆರುವವಳನ್ನು ಕೇಳುವುದೆಂದರೆ ಅವಳಿಗೆ ನಗು: "ಬ್ರೆಡ್ಡಿಗೆ ಗೀರು ಹಾಕೋಕೆ ಹಿಟ್ಟಿನ ಅಪ್ಪಣೆ ಕೇಳ್ತಾರೇನೇ?" ಹೊಸ ಡಾಕ್ಟರು "ಎಲ್ಲರಿಗೂ ಯಾಕೆ?" ಎಂದರೆ, "ಕುಯ್ಯದೇ ಬಿಟ್ರೆ ಹರಿಯುತ್ತೆ ಮಗಾ. ಕಾಯ್ತಾ ಕೂತ್ರೆ ಮಂಚ ಖಾಲಿಯಾಗೋದು ಯಾವಾಗ?" ಎನ್ನುತ್ತಾಳೆ. ಅಳುವವರಿಗೆ, "ನಾನೂ ಕುಯ್ಸಿಕೊಂಡೋಳೇ, ಸತ್ತೆನಾ?" ಎಂಬುದೊಂದೇ ಸಮಾಧಾನ. ನನಗೂ ಅದನ್ನೇ ಹೇಳಿದ್ದಳು. ಜನವರಿಯ ಸೂಲಗಿತ್ತಿ ಹಬ್ಬಕ್ಕೆ ಆ ವರ್ಷ ಹೆತ್ತವರೆಲ್ಲ ಬಂದು ಅವಳ ಕೈಗೆ ನೀರೆರೆದು, ಹೊಸ ಟವೆಲು ಕೊಟ್ಟು, ಬೆಂಚಿನ ಮೇಲೆ ಒಂದು ಪಕ್ಕಕ್ಕೆ ವಾಲಿ ಕೂರುತ್ತಾರೆ. "ನೋಡ್ರೇ, ನನ್ನ ಹುಡುಗೀರನ್ನ ದೂರದಿಂದಲೇ ಗುರುತು ಹಿಡೀತೀನಿ!" ಎಂದು ದೋನ್ಕಾ ಬೀಗುತ್ತಾಳೆ. ಈ ಸಲ ಇಸ್ಕ್ರಾಳೂ ಬಂದಿದ್ದಳು. ಕೆಟ್ಟು ನಿಂತ ಲಿಫ್ಟಿನಲ್ಲಿ, ದೋನ್ಕಾಳ ಕತ್ತರಿ ಮೇಲಿನ ಮಹಡಿಯಲ್ಲಿದ್ದಾಗ, ಒಂದು ಹೊಲಿಗೆಯೂ ಬೇಕಾಗದೆ ಚೊಚ್ಚಲು ಹೆತ್ತವಳು. ಬರಿಯ ಮರದ ಬೆಂಚಿನ ಮೇಲೆ ನೆಟ್ಟಗೆ ಕೂತು ಚೀಸಿನ ಬಾನಿತ್ಸಾ ತಿನ್ನತೊಡಗಿದಳು. ದೋನ್ಕಾ ನೋಡಿಯೇ ನೋಡಿದಳು. "ನೋಯಲ್ವೇನೇ?" "ಏನು ನೋಯ್ಬೇಕಿತ್ತು, ಅಜ್ಜಿ?" ದೋನ್ಕಾಳ ಒಬ್ಬನೇ ಮಗನಿಗೆ ಈಗ ನಲವತ್ತು ವರ್ಷ. ಅವಳು ಬೆಂಚಿಗೆ ದಿಂಬು ಹಾಕಿಕೊಂಡು, ಒಂದು ಪಕ್ಕಕ್ಕೆ ವಾಲಿ, ಮೆಲ್ಲನೆ ಕೂತಳು.