ಮಂಜಿನ ಮೇಲಕ್ಕೆ ದಾರಿ ಕಡಿದ ಅಕ್ಕ

ಬೆಳಗಿನ ಐದೂಮುಕ್ಕಾಲು. ಅರಣ್ಯ ಕಚೇರಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಕುಕ್ಕರುಗಾಲಿನಲ್ಲಿ ಕೂತ ಹೆಂಗಸೊಬ್ಬರು ಮಸೆಗಲ್ಲಿಗೆ ನೀರು ಚಿಮುಕಿಸಿ ಮಚ್ಚು ಮಸೆಯುತ್ತಿದ್ದಾರೆ. ಅಲಗಿನ ಮೇಲೆ ಹೆಬ್ಬೆರಳು ಆಡಿಸಿ ನೋಡುತ್ತಾರೆ, ಒಪ್ಪಿಗೆಯಾಗುವುದಿಲ್ಲ, ಮತ್ತೆ ನಾಲ್ಕು ಸಲ ಉಜ್ಜುತ್ತಾರೆ. ಮೊಣಕಾಲುದ್ದದ ರಬ್ಬರ್ ಬೂಟು, ಗಂಡನ ಹಳೇ ಅಂಗಿ, ತಲೆಗೆ ಬಿಗಿದ ಬಟ್ಟೆ. ಎದ್ದು ನಿಂತಾಗ ಎಡ ಹೆಗಲು ಬಲಕ್ಕಿಂತ ಒಂದಂಗುಲ ಕೆಳಗಿರುವುದು ಕಾಣುತ್ತದೆ.

"ನಿನ್ನೆ ಗಾಳಿ ಜೋರಿತ್ತಲ್ಲ, ಹಳ್ಳದ ಹತ್ರ ಮರ ಬಿದ್ದಿರುತ್ತೆ. ಬನ್ನಿ, ಮಾತಾಡ್ತಾ ಹೋಗೋಣ. ಆದ್ರೆ ನನ್ನಿಂದ ಎರಡು ಮಾರು ಹಿಂದೆ ಇರಿ. ಬೀಸಿದಾಗ ಯಾರು ಏನು ಅಂತ ಮಚ್ಚಿಗೆ ಗೊತ್ತಾಗಲ್ಲ," ಎಂದು ನಗುತ್ತಾರೆ.

ಹಾಜರಿ ಪುಸ್ತಕದಲ್ಲಿ ಇವರ ಹುದ್ದೆ 'ವಾಚರ್'. ಕಾಡಂಚಿನ ಈ ಸಣ್ಣ ಊರಿನಲ್ಲಿ ಮಾತ್ರ ಎಲ್ಲರಿಗೂ ಇವರು 'ದಾರಿಯಕ್ಕ'. ವಯಸ್ಸು ಐವತ್ತನಾಲ್ಕು. ಕಾಡಿನೊಳಗಿನ ಕಾಲುದಾರಿಗಳು ಮುಚ್ಚಿಹೋಗದಂತೆ ಕಾಯುವುದು ಇವರ ಕೆಲಸ. ಬಿದ್ದ ಮರ ಕಡಿಯಬೇಕು, ಮುಳ್ಳುಪೊದೆ ಸವರಬೇಕು, ಮಳೆಗೆ ಕೊಚ್ಚಿಹೋದ ಕಡೆ ಕಲ್ಲು ಜೋಡಿಸಬೇಕು. ದಿನಕ್ಕೆ ಹದಿನಾಲ್ಕು ಕಿಲೋಮೀಟರ್ ನಡಿಗೆ, ಮಚ್ಚಿಗೆ ಮೂರು ಸಲ ಸಾಣೆ, ವರ್ಷಕ್ಕೆ ಎರಡು ಜೊತೆ ಬೂಟು. ಇವರ ಉಸ್ತುವಾರಿಯಲ್ಲಿರುವ ದಾರಿ ಒಟ್ಟು ಅರವತ್ತೆರಡು ಕಿಲೋಮೀಟರ್. ಕೊನೆ ಮುಟ್ಟುವಷ್ಟರಲ್ಲಿ ಮೊದಲು ಕಡಿದದ್ದು ಚಿಗುರಿ ನಿಂತಿರುತ್ತದೆ.

ಕಳೆದ ವರ್ಷ ಖಗ್ರಾಸ ಸೂರ್ಯಗ್ರಹಣ ನೋಡಲೆಂದು ದೂರದ ಪಟ್ಟಣದಿಂದ ಬಂದು ಈ ಕಾಡಿನ ನಡುವೆ ಡೇರೆ ಹಾಕಿದ್ದ ನಲವತ್ತಮೂರು ಮಂದಿಯಲ್ಲಿ ಯಾರನ್ನೇ ಕೇಳಿ, ಮಾತು ಸೂರ್ಯನಿಂದ ಶುರುವಾಗುವುದಿಲ್ಲ, ದಾರಿಯಕ್ಕನಿಂದ ಶುರುವಾಗುತ್ತದೆ.

ಇಪ್ಪತ್ತಾರು ವರ್ಷದ ಹಿಂದೆ ಇವರು ಕಾಡಿಗೆ ಕಾಲಿಟ್ಟದ್ದು ನೀರು ಹೊರಲು. ದಾರಿ ಕಡಿಯುವ ಗಂಡಸರ ತಂಡಕ್ಕೆ ದಿನಕ್ಕೆ ಎಂಟು ಕೊಡ. ಮಚ್ಚು ಮುಟ್ಟಿದರೆ ಮೇಸ್ತ್ರಿ ಬೈಯುತ್ತಿದ್ದ. ಒಂದು ದಿನ ತಂಡದ ಇಬ್ಬರು ಜ್ವರ ಬಂದು ಮಲಗಿದರು, ಸಂಜೆಯೊಳಗೆ ಮುಗಿಯಬೇಕಾದ ಕೆಲಸ ಅರ್ಧಕ್ಕೆ ನಿಂತಿತು. ಅಕ್ಕ ಕೊಡ ಕೆಳಗಿಟ್ಟು ಮಚ್ಚು ಎತ್ತಿಕೊಂಡರು. "ಮೇಸ್ತ್ರಿ ಏನೂ ಅನ್ನಲಿಲ್ಲ. ಮಾರನೇ ದಿನ ನೀರು ತರೋಕೆ ಬೇರೆಯವರನ್ನ ಕರ್ಕೊಂಡು ಬಂದ, ಅಷ್ಟೇ. ಅದೇ ನನಗೆ ಬಡ್ತಿ," ಎನ್ನುತ್ತಾರೆ. ಹತ್ತು ವರ್ಷದ ಕೆಳಗೆ ಹಳ್ಳದ ಪಾಚಿಗಲ್ಲಿನ ಮೇಲೆ ಜಾರಿ ಎಡ ಹೆಗಲಿನ ಮೂಳೆ ಮುರಿಯಿತು. ಆರು ತಿಂಗಳು ಮನೆಯಲ್ಲಿ. ಆ ಹೆಗಲು ಮತ್ತೆ ಮೊದಲಿನಂತಾಗಲಿಲ್ಲ. ಕಚೇರಿಯವರು ಗೇಟಿನ ಬಳಿ ಕುರ್ಚಿ ಹಾಕಿ ಕೂರಿಸುತ್ತೇವೆ ಎಂದರು. ಅಕ್ಕ ಎರಡು ದಿನ ಕೂತರು; ಮೂರನೇ ದಿನ ಕುರ್ಚಿ ಖಾಲಿಯಿತ್ತು.

ಗಂಡ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರ ಕಿಟಕಿಗೆ ಮುಖ ಮಾಡಿದೆ, ಗೋಡೆಯ ತುಂಬ ಕಾಗದದ ಅಳತೆಗಳು ನೇತಾಡುತ್ತಿವೆ. "ಬೇರೆಯವರ ಮನೆಯಲ್ಲಿ ಗಂಡ ಹೊರಗೆ ದುಡೀತಾನೆ, ಹೆಂಡತಿ ಬಟ್ಟೆ ಹೊಲೀತಾಳೆ. ನಮ್ಮನೇಲಿ ಎಲ್ಲಾ ಉಲ್ಟಾ. ಮುಳ್ಳಿಗೆ ಸಿಕ್ಕಿ ಇವಳು ಹರ್ಕೊಂಡು ಬರ್ತಾಳೆ, ನಾನು ತೇಪೆ ಹಾಕ್ತೀನಿ. ಊರಿನ ಗಿರಾಕಿಗಳಿಗಿಂತ ಇವಳೊಬ್ಬಳ ಕೆಲಸವೇ ಜಾಸ್ತಿ," ಎಂದು ಅವರು ದೂರುವಾಗ ದನಿಯಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚು.

ಗ್ರಹಣದ ಸುದ್ದಿ ಬಂದದ್ದು ಐದು ತಿಂಗಳು ಮೊದಲೇ. ಆಕಾಶ ವೀಕ್ಷಕರ ಸಂಘದ ಹಿರಿಯರು, ನಿವೃತ್ತ ವಿಜ್ಞಾನ ಮೇಷ್ಟ್ರು, ಕಚೇರಿಗೆ ಬಂದು ನಕ್ಷೆ ಹರಡಿದರು. ಚಂದ್ರನ ನೆರಳು ಸರಿಯಾಗಿ ಈ ಕಾಡಿನ ನಡುವಿನ ಕಣಿವೆಯ ಮೇಲೆ ಹಾದುಹೋಗುತ್ತದೆ. ಬೆಳಗ್ಗೆ ಎಂಟು ನಲವತ್ತೆರಡಕ್ಕೆ ಸೂರ್ಯ ಪೂರ್ತಿ ಮರೆ. ಎರಡು ನಿಮಿಷ ಹನ್ನೊಂದು ಸೆಕೆಂಡು. ಕಣಿವೆಯ ಹುಲ್ಲುಬಯಲಿನಲ್ಲಿ ಡೇರೆ ಹಾಕಲು ಅನುಮತಿ ಸಿಕ್ಕಿತು. ಆದರೆ ಅಲ್ಲಿಗೆ ಹೋಗುವ ಮೂರು ಕಿಲೋಮೀಟರ್ ಜಾಡು ಮುಚ್ಚಿ ಹನ್ನೊಂದು ವರ್ಷವಾಗಿತ್ತು. ಅದನ್ನು ಬಿಡಿಸುವ ಕೆಲಸ ದಾರಿಯಕ್ಕನ ಪಾಲಿಗೆ ಬಂತು. ಜೊತೆಗೆ ಇಬ್ಬರು, ಓರಗಿತ್ತಿ ಮತ್ತು ನಾದಿನಿ. ಹತ್ತೊಂಬತ್ತು ದಿನದಲ್ಲಿ ಜಾಡು ತೆರೆಯಿತು.

ಆ ಹತ್ತೊಂಬತ್ತು ದಿನವೂ ಅಕ್ಕ ಇನ್ನೊಂದು ಕೆಲಸ ಮಾಡಿದರು. ಕಣಿವೆಯಲ್ಲಿ ಮಂಜು ಎಷ್ಟು ಹೊತ್ತಿಗೆ ಕರಗುತ್ತದೆ ಎಂದು ಕೈಗಡಿಯಾರ ನೋಡಿ, ಮನೆಗೆ ಬಂದು ಗಂಡನ ಸೀಮೆಸುಣ್ಣದಲ್ಲಿ ಬಾಗಿಲ ಹಿಂದೆ ಬರೆದರು. ಒಂಬತ್ತು, ಒಂಬತ್ತೂಕಾಲು, ಎಂಟೂಮುಕ್ಕಾಲು, ಮತ್ತೆ ಒಂಬತ್ತು. ಹತ್ತೊಂಬತ್ತರಲ್ಲಿ ಹದಿನಾಲ್ಕು ದಿನ ಎಂಟು ನಲವತ್ತೆರಡಕ್ಕೆ ಕಣಿವೆಯಿಂದ ಸೂರ್ಯ ಕಂಡಿರಲೇ ಇಲ್ಲ.

ಕಚೇರಿಗೆ ಹೋಗಿ ಹೇಳಿದರು. ಗುಮಾಸ್ತರು ತಲೆ ಎತ್ತದೆ, "ನೀನು ಹವಾಮಾನದವರ ಕೆಲಸಕ್ಕೆ ಯಾವಾಗ ಸೇರಿದೆ?" ಅಂದರು. ಅಲ್ಲಿದ್ದವರೆಲ್ಲ ನಕ್ಕರು. ಅಕ್ಕನೂ ನಕ್ಕು ಈಚೆ ಬಂದರು.

"ಅವರದ್ದೂ ತಪ್ಪಲ್ಲ. ಡೇರೆ ಎಲ್ಲಿ ಅಂತ ಕಾಗದದಲ್ಲಿ ಬರೆದಾಗಿತ್ತು, ಸಹಿ ಬಿದ್ದಾಗಿತ್ತು. ನಾನು ಹೇಳಿದ್ನಲ್ಲ ಅಂತ ಬದಲಾಯಿಸ್ತಾರಾ? ಆದ್ರೆ ಅಷ್ಟು ದೂರದಿಂದ ಬರೋರು ಮಂಜು ನೋಡಿ ವಾಪಸ್ ಹೋಗ್ಬೇಕು ಅಂದ್ರೆ, ನನ್ನ ಮನಸ್ಸು ಕೇಳಲಿಲ್ಲ."

ಕಣಿವೆಯ ಪಕ್ಕದ ಗುಡ್ಡದ ನೆತ್ತಿಯಲ್ಲಿ ಒಂದು ಬೋಳು ಬಂಡೆಯಿದೆ. ಮಂಜು ಅಷ್ಟೆತ್ತರ ಏರುವುದಿಲ್ಲವೆಂದು ಅಕ್ಕನಿಗೆ ಗೊತ್ತಿತ್ತು. ವಲಯದ ಅಧಿಕಾರಿಯ ಮುಂದೆ ನಿಂತು, "ನನ್ನ ರಜಾ ದಿನದಲ್ಲಿ ಅಲ್ಲಿಗೆ ದಾರಿ ಕಡ್ಕೊಳ್ಳಲಾ ಸಾರ್?" ಎಂದು ಕೇಳಿದರು. ಮರ ಬೀಳಿಸಬಾರದು, ಪೊದೆ ಮಾತ್ರ ಎಂಬ ಷರತ್ತಿನ ಮೇಲೆ ಅವರು ಹೂಂ ಅಂದರು. ಆಮೇಲಿನ ಒಂಬತ್ತು ಭಾನುವಾರ ಅಕ್ಕ ಮನೆಯಲ್ಲಿರಲಿಲ್ಲ. ಒಂದೂಕಾಲು ಕಿಲೋಮೀಟರ್ ಕಡಿದಾದ ಏರು. ಒಬ್ಬರೇ ಕಡಿದರು, ಒಬ್ಬರೇ ಮೆಟ್ಟಿಲಿಗೆ ಕಲ್ಲು ಹೂಳಿದರು. ಗ್ರಹಣದ ಹಿಂದಿನ ದಿನ ನಲವತ್ತಮೂರು ಮಂದಿ ಬಂದು ಕಣಿವೆಯಲ್ಲಿ ಹದಿನೆಂಟು ಡೇರೆ ಹಾಕಿದಾಗಲೂ ಆ ದಾರಿಯ ಬಗ್ಗೆ ತುಟಿ ಬಿಚ್ಚಲಿಲ್ಲ. "ಬೆಳಗ್ಗೆ ಬಾನು ತಿಳಿಯಾಗಿದ್ರೆ ಸುಮ್ನೆ ಯಾಕೆ ಹೆದರಿಸೋದು?"

ಬೆಳಗಾಯಿತು. ಬಾನು ತಿಳಿಯಾಗಿರಲಿಲ್ಲ. ಪಕ್ಕದ ಡೇರೆ ಪಕ್ಕದವರಿಗೆ ಕಾಣದಷ್ಟು ಮಂಜು. ಆರೂಮುಕ್ಕಾಲಿಗೆ ಜನ ಒಬ್ಬೊಬ್ಬರಾಗಿ ಹೊರಬಂದು ಮೇಲೆ ನೋಡಿದರು. ಮೇಷ್ಟ್ರು ಮಡಚುವ ಸ್ಟೂಲಿನ ಮೇಲೆ ಕೂತುಬಿಟ್ಟರು. ವಯಸ್ಸು ಎಪ್ಪತ್ತೊಂದು. ಹಿಂದೆ ಎರಡು ಸಲ ಗ್ರಹಣ ಹುಡುಕಿಕೊಂಡು ದೇಶ ದಾಟಿ ಹೋಗಿ, ಎರಡು ಸಲವೂ ಮೋಡ ನೋಡಿ ಬಂದವರು. ಯಾರೋ, "ಎಂಟೂವರೆಗೆ ಕರಗಬಹುದು ಸಾರ್," ಅಂದರು. "ಇವತ್ತು ಇನ್ನೂ ತಡ. ಗ್ರಹಣ ಹಿಡೀತಾ ಬಿಸಿಲೇ ಕಡಿಮೆ ಆಗುತ್ತಲ್ಲ, ಮಂಜು ಕರಗಿಸೋರು ಯಾರು?" ಎಂದರು ಮೇಷ್ಟ್ರು.

ಆಗ ದಾರಿಯಕ್ಕ ಮುಂದೆ ಬಂದರು. "ಮೇಷ್ಟ್ರೇ, ಮೇಲೆ ಹೋಗೋಕೆ ಒಂದು ದಾರಿ ಇದೆ. ಅಲ್ಲಿ ಮಂಜಿರಲ್ಲ."

"ಎಷ್ಟು ಹೊತ್ತು ಬೇಕು?"

"ನನಗೆ ಇಪ್ಪತ್ತು ನಿಮಿಷ. ನಿಮ್ಮೋರಿಗೆ ಒಂದು ಗಂಟೆ. ಈಗ ಹೊರಟ್ರೆ."

ಮೇಷ್ಟ್ರು ಗಡಿಯಾರ ನೋಡಿಕೊಂಡರು. ಆಮೇಲೆ ಕೂಗಿ ಹೇಳಿದರು: "ಡೇರೆ ಬಿಡಿ. ಟೆಲಿಸ್ಕೋಪು, ಕ್ಯಾಮೆರಾ, ನೀರು, ಗ್ರಹಣದ ಕನ್ನಡಕ, ಅಷ್ಟೇ ತಗೊಳ್ಳಿ. ಈಯಮ್ಮನ ಹಿಂದೆ ಹೋಗಿ." ತಾವು ಮಾತ್ರ ಸ್ಟೂಲಿನಿಂದ ಏಳಲಿಲ್ಲ. ಹಿಂದಿನ ದಿನದ ಮೂರು ಕಿಲೋಮೀಟರಿಗೇ ಅವರ ಮಂಡಿ ಮುಷ್ಕರ ಹೂಡಿತ್ತು.

ಅಕ್ಕ ಓರಗಿತ್ತಿಯನ್ನು ಜನರ ಜೊತೆ ಮುಂದೆ ಕಳಿಸಿ, ತಾವು ಒಂದು ಡೇರೆ ಕಿತ್ತರು. ಎರಡು ಬಿದಿರು ಗಳುಗಳ ನಡುವೆ ಅದರ ಬಟ್ಟೆ ಬಿಗಿದು ಜೋಲಿ ಕಟ್ಟಿದರು. ಮುಂದೆ ನಾದಿನಿ ಮತ್ತು ಒಬ್ಬ ಬ್ಯಾಂಕಿನವರು, ಹಿಂದೆ ಅಕ್ಕ ಮತ್ತು ಒಬ್ಬ ದಂತವೈದ್ಯರು. ನಾಚಿಕೆಯಿಂದ ಮುದುರಿಕೊಂಡ ಮೇಷ್ಟ್ರು ಹತ್ತು ಹೆಜ್ಜೆಗೊಮ್ಮೆ "ನನ್ನಿಂದ ನಿಮಗೆಲ್ಲ ಎಷ್ಟು ತೊಂದರೆ" ಅನ್ನುತ್ತಿದ್ದರು.

"ಮರದ ದಿಮ್ಮಿ ಹೊತ್ತಿದ್ದೀನಿ ಮೇಷ್ಟ್ರೇ, ಅದು ಒಂದು ಸಲಾನೂ ಸಂಕೋಚ ಪಡಲಿಲ್ಲ. ನೀವೂ ಸುಮ್ನೆ ಕೂತ್ಕೊಳ್ಳಿ," ಅಂದರು ಅಕ್ಕ. ಜೋಲಿ ನಗುವಿಗೆ ಅಲ್ಲಾಡಿತು.

ಎಂಟು ಇಪ್ಪತ್ತಕ್ಕೆ ಜೋಲಿ ಬಂಡೆ ಮುಟ್ಟಿತು. ಮಂಜು ಅಲ್ಲಿಂದ ಮೂವತ್ತಡಿ ಕೆಳಗೆ, ಹಿಂಜಿದ ಹತ್ತಿಯ ಹಾಗೆ ಕಣಿವೆ ತುಂಬಿಕೊಂಡಿತ್ತು. ಮೇಲೆ ಒಂದು ಚೂರು ಮೋಡವಿಲ್ಲ. ಅರ್ಧಕ್ಕೂ ಹೆಚ್ಚು ಸವೆದ ಸೂರ್ಯ ಎದುರಿಗೇ ಇದ್ದ. ಮೊದಲೇ ಏರಿದ್ದವರು ಮೇಷ್ಟ್ರನ್ನು ಕಂಡು ಚಪ್ಪಾಳೆ ತಟ್ಟಿದರು. ಹಿಂದಿನವರಿಗೆ ಅಡ್ಡವಾಗದಂತೆ ಅವರನ್ನು ಎಲ್ಲರಿಗಿಂತ ಮುಂದೆ, ನೆಲದ ಮೇಲೆ ಕೂರಿಸಿದರು.

ಆದರೆ ಬಂಡೆಯ ಪೂರ್ವದ ಅಂಚು ಸೀದಾ ಕೆಳಕ್ಕೆ ಇಳಿಯುತ್ತದೆ. ಕ್ಯಾಮೆರಾ ಕಣ್ಣಿಗಿಟ್ಟವರು ಗೊತ್ತಿಲ್ಲದೆ ಮುಂದೆ ಮುಂದೆ ಹೋಗುತ್ತಾರೆ. ಅದರ ಮೇಲೆ ಹಾಡಹಗಲೇ ಕತ್ತಲೆ. ಅಕ್ಕ ಜೊತೆಗೆ ತಂದಿದ್ದ ಹಗ್ಗವನ್ನು ಅಂಚಿನುದ್ದಕ್ಕೂ ಎಳೆದು ಒಂದು ತುದಿ ಮರಕ್ಕೆ ಕಟ್ಟಿದರು. ಇನ್ನೊಂದು ತುದಿಗೆ ಮರವಿರಲಿಲ್ಲ. ಅದನ್ನು ಸೊಂಟಕ್ಕೆ ಸುತ್ತಿ, ಕಲ್ಲಿಗೆ ಕಾಲು ಕೊಟ್ಟು, ಸೂರ್ಯನಿಗೆ ಬೆನ್ನು ಹಾಕಿ ಜನರ ಕಡೆ ತಿರುಗಿ ನಿಂತರು.

ಎಂಟು ನಲವತ್ತೆರಡು. ತಣ್ಣನೆಯ ಗಾಳಿ ಬೀಸಿತು, ಹಕ್ಕಿಗಳು ಸುಮ್ಮನಾದವು, ಕತ್ತಲೆ ಬಂತು. ಅಕ್ಕ ನೋಡಿದ್ದು ಮುಖಗಳನ್ನು. "ದೊಡ್ಡ ದೊಡ್ಡ ಕೆಲಸದಲ್ಲಿರೋರು, ಬಾಯಿ ತೆಕ್ಕೊಂಡು ಚಿಕ್ಕ ಮಕ್ಕಳ ಥರ ನಿಂತಿದ್ರು. ಹಲ್ಲಿನ ಡಾಕ್ಟ್ರು ಅಳ್ತಿದ್ರು. ಒಬ್ಬರು ಹಗ್ಗಕ್ಕೆ ಬಂದು ತಾಗಿದ್ರು, ಹೊಟ್ಟೆಗೆ ಕೈಯಿಟ್ಟು ಹಿಂದೆ ತಳ್ಳಿದೆ. ಅವರಿಗೆ ಇವತ್ತಿಗೂ ಅದು ಗೊತ್ತಿಲ್ಲ."

ಒಂದೂವರೆ ನಿಮಿಷ ಕಳೆದಿರಬೇಕು. ಮೇಷ್ಟ್ರು ಕಣ್ಣೊರೆಸಿಕೊಳ್ಳಲು ತಲೆ ತಗ್ಗಿಸಿದವರು, ಪಕ್ಕದಲ್ಲಿ ತಮ್ಮ ಕಡೆಗೇ ಮುಖ ಮಾಡಿ ನಿಂತ ಹೆಂಗಸನ್ನು ಕಂಡರು. "ನೀನು ನೋಡ್ಲಿಲ್ವೇನಮ್ಮಾ?"

"ಹಗ್ಗ ಇದೆಯಲ್ಲ ಮೇಷ್ಟ್ರೇ."

ಅವರು ಕೂತಲ್ಲಿಂದಲೇ ತೆವಳಿ ಬಂದು ಹಗ್ಗವನ್ನು ಎರಡೂ ಮುಂಗೈಗೆ ಸುತ್ತಿಕೊಂಡು ಕಲ್ಲಿಗೆ ಒದೆಗೊಟ್ಟು ಕೂತರು, ಸೂರ್ಯನಿಗೆ ಬೆನ್ನು ಹಾಕಿ. "ನಾನು ನೋಡಿದ್ದು ಸಾಕು. ಇನ್ನೂ ಮೂವತ್ತು ಸೆಕೆಂಡಿದೆ. ತಿರುಗು. ನಾನು ಸಾಕು ಅಂದ ತಕ್ಷಣ ಕಣ್ಣು ಇಳಿಸಬೇಕು."

ಅಕ್ಕ ತಿರುಗಿದರು.

ಆ ಮಾತು ಬಂದಾಗ ಮಾತ್ರ ಅವರ ಕೈಯ ಮಚ್ಚು ನಿಲ್ಲುತ್ತದೆ. "ಸೂರ್ಯ ಇದ್ದ ಜಾಗದಲ್ಲಿ ಕಪ್ಪು ಬಿಲ್ಲೆ. ಸುತ್ತ ಬೆಳ್ಳಗೆ, ಯಾರೋ ತಲೆಗೂದಲು ಬಿಚ್ಚಿ ಹರಡಿದ ಹಾಗೆ. ಐವತ್ತಮೂರು ವರ್ಷ ಅವನ ಕೆಳಗೆ ಬೆವರು ಸುರಿಸಿದ್ದೀನಿ. ಮುಖ ನೋಡಿದ್ದು ಅವತ್ತೇ."

ಹತ್ತೂವರೆಯೊಳಗೆ ಎಲ್ಲರೂ ಕೆಳಗಿಳಿದರು. ಯಾರ ಕಾಲೂ ಉಳುಕಲಿಲ್ಲ. ಜೋಲಿಗೆ ಹೋದ ಡೇರೆಗೆ ಟೈಲರ್ ಗಂಡ ಹೊಸ ಬದಿ ಹೊಲಿದುಕೊಟ್ಟರು. ಮುಂದಿನ ತಿಂಗಳು ಗುಮಾಸ್ತರು ತಾವೇ ಮನೆಗೆ ಬಂದು, ಬಾಗಿಲ ಹಿಂದಿನ ಸೀಮೆಸುಣ್ಣದ ಬರಹವನ್ನು ಒಂದೊಂದಾಗಿ ದಫ್ತರಿಗೆ ಇಳಿಸಿಕೊಂಡು ಹೋದರು. ಬಂಡೆಯ ದಾರಿ ಈಗ ಇಲಾಖೆಯ ನಕ್ಷೆಯಲ್ಲಿ ಚುಕ್ಕೆ ಗೆರೆಯಾಗಿದೆ. ಅದಕ್ಕೆ ಯಾರ ಹೆಸರೂ ಇಲ್ಲ. ಬೇಸರವಿಲ್ಲವೇ ಎಂದರೆ ಅಕ್ಕನಿಗೆ ಪ್ರಶ್ನೆಯೇ ವಿಚಿತ್ರವೆನಿಸುತ್ತದೆ.

ಹಳ್ಳ ಬರುತ್ತದೆ. ಅವರು ಹೇಳಿದಂತೆಯೇ ಮರವೊಂದು ಅಡ್ಡ ಬಿದ್ದಿದೆ. ದಾರಿಯಕ್ಕ ಅದರ ಸುತ್ತ ಒಂದು ಸುತ್ತು ಬಂದು, ಎಲ್ಲಿಂದ ಶುರು ಮಾಡಬೇಕೆಂದು ಕಾಲಿಂದ ಒತ್ತಿ ನೋಡಿ, ಅಂಗಿಯ ತೋಳು ಮಡಚುತ್ತಾರೆ.

"ಸೂರ್ಯ ಎಷ್ಟು ಹೊತ್ತಿಗೆ ಎಲ್ಲಿರ್ತಾನೆ ಅಂತ ಅವರು ಲೆಕ್ಕ ಹಾಕಿದ್ರು. ಅಷ್ಟು ಹೊತ್ತಿಗೆ ಅವರು ಎಲ್ಲಿರಬೇಕು ಅಂತ ನಾನು ಹಾಕಿದ್ದೆ," ಎನ್ನುತ್ತಾರೆ. "ಇಬ್ಬರದ್ದೂ ಸರಿ ಬಂತು."