ತೆರೆದು ನೋಡಿದ ವಹಿ

ಮಾದೇವಿ, ನಿನ್ನ ವಹಿಯನ್ನು ನಾನು ಓದಿದ್ದೆ.

ಆ ಇಂಗ್ಲಿಷ್ ನೋಟ್‌ಬುಕ್ಕನ್ನು. ಒಂದಲ್ಲ, ಎರಡು ಸಲ. ಒಮ್ಮೆ ಸಾಲಿಯ ಸ್ಟಾಫ್ ರೂಮಿನಲ್ಲಿ, ಇನ್ನೊಮ್ಮೆ ಖಾನಾಪುರದ ಬಸ್ಸಿನಲ್ಲಿ. ಹೋದ ರವಿವಾರ ಹಿಂಡಲಗಾದ ನನ್ನ ಮನೆಯ ಪಡಸಾಲೆಯಲ್ಲಿ ಕೂತು ನೀನು ಅದರ ಮಾತು ತೆಗೆದಾಗ ನಾನು "ನೋಡಲಿಲ್ಲ" ಅಂದೆ. ಸುಳ್ಳು. ಆ ವಹಿಯ ಬಗ್ಗೆ ನಿನಗೆ ಹೇಳಿದ ಎರಡನೆಯ ಸುಳ್ಳು ಅದು. ಮೊದಲನೆಯದು ಹದಿನೆಂಟು ವರ್ಷ ಹಳೆಯದು, ಅದನ್ನೂ ಹೇಳುತ್ತೇನೆ. ಮುಖ ನೋಡಿ ಹೇಳುವಷ್ಟು ಎದೆ ನನಗಿಲ್ಲ, ಅದಕ್ಕೇ ಈ ಕಾಗದ. ನಿನಗೆ ಗೊತ್ತಿದ್ದದ್ದನ್ನೂ ಇದರಲ್ಲಿ ಬರೆಯುತ್ತೇನೆ — ಈ ಕಡೆಯಿಂದ ಅದು ಹೇಗಿತ್ತು ಅನ್ನುವುದು ನಿನಗೆ ಗೊತ್ತಿಲ್ಲವಲ್ಲ.

ಆಗ ನಾನು ನಿಮ್ಮೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಬೆಳಗಾವಿಯಿಂದ ಖಾನಾಪುರ, ಅಲ್ಲಿಂದ ಬೀಡಿಯ ಕಡೆಯ ಬಸ್ಸು, ಆಮೇಲೆ ನಡಿಗೆ. ಹನ್ನೊಂದು ವರ್ಷ ಹಾಗೆ ಓಡಾಡಿದವಳು. ನನ್ನದೊಂದು ಪದ್ಧತಿ ಇತ್ತು, ನಿನಗೆ ನೆನಪಿರಬೇಕು. ಗೈಡಿನೊಳಗಿನ ವಾಕ್ಯ ಬರೆದುಕೊಂಡು ಬಂದರೆ ವಹಿ ಮುಖಕ್ಕೇ ಎಸೆಯುತ್ತಿದ್ದೆ. "ನಿಮ್ಮ ಮನ್ಯಾಗಿಂದ ಬರೀರಿ. ಖರೇದ ಬರೀರಿ. ಸುಳ್ಳ ಬರದ್ರ ಇಂಗ್ಲಿಷ್ ಬರಂಗಿಲ್ಲ" ಅನ್ನುತ್ತಿದ್ದೆ. ಏನು ಗತ್ತು ನನ್ನದು!

ಆ ವಾರ 'ಮಸ್ಟ್', 'ಹ್ಯಾವ್ ಟು', 'ಶುಡ್' ಪಾಠ. ನಮ್ಮ ಕನ್ನಡದಲ್ಲಿ ಎಲ್ಲಕ್ಕೂ ಒಂದೇ 'ಬೇಕು' ಹಚ್ಚಿ ಮುಗಿಸುತ್ತೇವೆ. ನೀರು ತರಬೇಕು, ಓದಬೇಕು, ಲಗ್ನ ಆಗಬೇಕು. ಇಂಗ್ಲಿಷಿನವರು ಅದನ್ನು ಬೇರೆ ಬೇರೆ ಮಾಡಿ ಇಟ್ಟಿದ್ದಾರೆ ಅಂತ ಹೇಳಿ, ಬೋರ್ಡಿನ ಮೇಲೆ ಮೂರು ಗೆರೆ ಎಳೆದಿದ್ದೆ. "ಮಂದಿ ನಿಮ್ಮ ಕಡಿಂದ ಮಾಡಸ್ತಾರಲ್ಲ, ಅದು ಹ್ಯಾವ್ ಟು. ನಿಮ್ಮ ಜೀವಾನ ಮಾಡಂತ ಹೇಳತದಲ್ಲ, ಅದು ಮಸ್ಟ್. ಮಾಡೂದು ಯೋಗ್ಯ ಐತಿ, ಮಾಡಿದ್ರ ಚಲೋ — ಅದು ಶುಡ್." ಹಿಂದಿನ ಬೆಂಚಿನ ಹುಡುಗರು ಎಮ್ಮೆ ಕಟ್ಟಬೇಕು, ಸೆಗಣಿ ಬಳಿಯಬೇಕು ಅಂತ ಬರೆದು ತಂದರು. ನಕ್ಕು ನಕ್ಕು ಸಾಕಾಗಿತ್ತು ನನಗೆ. ಆ ನಗುವಿನಲ್ಲೇ ನಿನ್ನ ವಹಿಗೆ ಕೈ ಹಾಕಿದೆ.

ಹತ್ತು ವಾಕ್ಯ ಬರೆದಿದ್ದೆ ನೀನು. ಮೊದಲಿನ ಐದಾರು ಎಲ್ಲರಂಥವೇ. ಆಮೇಲೆ, 'ಐ ಹ್ಯಾವ್ ಟು ಮ್ಯಾರಿ ಮೈ ಮಾಮಾ.' ನನ್ನ ಸೋದರಮಾವನನ್ನು ನಾನು ಮದುವೆಯಾಗಬೇಕಾಗಿದೆ. ಅದರ ಕೆಳಗೆ, 'ಐ ಹ್ಯಾವ್ ಟು ಲೀವ್ ಸ್ಕೂಲ್.' ಅದರ ಕೆಳಗೆ, 'ಐ ಮಸ್ಟ್ ರೈಟ್ ದಿ ಎಕ್ಸಾಮ್.' ಕೊನೆಗೆ ಒಂದು ಸಾಲು ಖಾಲಿ ಬಿಟ್ಟು, ಅಕ್ಷರ ಇನ್ನೂ ಸಣ್ಣದು ಮಾಡಿ — 'ಟೀಚರ್, ಯು ಶುಡ್ ಟೆಲ್ ಮೈ ಫಾದರ್. ಹಿ ವಿಲ್ ಲಿಸನ್ ಯು.' ನೀವು ಅಪ್ಪನಿಗೆ ಹೇಳಿರಿ, ಅಪ್ಪ ನಿಮ್ಮ ಮಾತು ಕೇಳುತ್ತಾನೆ.

ನಾನು ಏನು ಮಾಡಿದೆ ಗೊತ್ತೇನು? 'ಲಿಸನ್' ಆದಮೇಲೆ ನೀನೊಂದು 'ಟು' ಬಿಟ್ಟಿದ್ದೆ. ಕೆಂಪು ಪೆನ್ನಿನಿಂದ ಅದನ್ನು ಸೇರಿಸಿದೆ. ಟಿಕ್ ಹಾಕಿದೆ. ಬಾಜೂಕ್ಕೆ 'ಗುಡ್' ಅಂತ ಬರೆದು ತಾರೀಖು ಹಾಕಿ ಸಹಿ ಮಾಡಿದೆ. ಕೈ ತನ್ನಷ್ಟಕ್ಕೆ ತಾನು ಮಾಡಿತು ಅನ್ನಬಹುದಿತ್ತು. ಅನ್ನಲಾರೆ. ಸಹಿ ಮಾಡುವಾಗ ನನಗೆ ಪೂರಾ ಅರ್ಥವಾಗಿತ್ತು.

ನಿನಗೆ ಹದಿನಾರು ತುಂಬಿರಲಿಲ್ಲ. ನಿನ್ನ ಮಾವ ಮೂವತ್ತು ದಾಟಿದವನು. ಉಳಿದ ವಹಿಗಳನ್ನೆಲ್ಲ ಕಪಾಟಿನಲ್ಲಿಟ್ಟು ನಿನ್ನದೊಂದನ್ನೇ ಬ್ಯಾಗಿಗೆ ಹಾಕಿಕೊಂಡೆ. ಯಾಕೆ ಹಾಕಿಕೊಂಡೆ — ಯಾರಿಗಾದರೂ ತೋರಿಸಲಿಕ್ಕೆ ಅಂದುಕೊಂಡಿದ್ದೆನೋ, ಯಾರಿಗೂ ಕಾಣದಿರಲಿ ಅಂತಲೋ... ಅವತ್ತು ಎರಡೂ ಇದ್ದವು ಮನಸ್ಸಿನಲ್ಲಿ. ಖಾನಾಪುರ ಸ್ಟ್ಯಾಂಡಿನಲ್ಲಿ ಬೆಳಗಾವಿ ಬಸ್ಸು ಹತ್ತಿದಾಗ ಕಿಟಕಿಯ ಸೀಟು ಸಿಕ್ಕಿತು. ತೆರೆದು ಮತ್ತೆ ಓದಿದೆ. ಪಕ್ಕದಲ್ಲಿ ಕೂತಿದ್ದ ಮರಾಠಿ ಅಜ್ಜಿಯೊಬ್ಬಳು, ಟೀಚರ್‌ಬಾಯಿ ಪೇಪರ್ ತಪಾಸತಾಳೆ ಅಂತ ಮೊಮ್ಮಗಳಿಗೆ ನನ್ನನ್ನು ತೋರಿಸಿದಳು. ನನಗೆ ನಾಚಿಕೆ ಬಂದು ವಹಿ ಮುಚ್ಚಿದೆ.

ಈಗ ಕಾರಣ. ಕೇಳಿದರೆ ನೀನು ಉಗುಳಬೇಕು, ಅಷ್ಟು ಸಣ್ಣದು. ನನಗೆ ಬೆಳಗಾವಿಗೆ ವರ್ಗ ಆಗಿತ್ತು. ಆದೇಶ ಬಂದಿತ್ತು, ಬಿಡುಗಡೆ ಮಾತ್ರ ಬಾಕಿ. ಇಂಥದ್ದರಲ್ಲಿ ಬಾಯಿ ಹಾಕಿದರೆ ಹೆಡ್‌ಮಾಸ್ತರರಿಗೆ ಹೇಳಬೇಕು, ಅವರು ಮೇಲಿನವರಿಗೆ ತಿಳಿಸಬೇಕು, ಹೇಳಿಕೆ, ವಿಚಾರಣೆ, ಊರಲ್ಲಿ ಗದ್ದಲ. ನನ್ನನ್ನು ಬಿಡುವುದು ಮುಂದಕ್ಕೆ ಹೋದರೆ? ಆದೇಶವೇ ತಪ್ಪಿದರೆ? ಹನ್ನೊಂದು ವರ್ಷ ಬಸ್ಸಿನಲ್ಲಿ ಜೋತಾಡಿದ ಸೊಂಟ ನನ್ನದು ಅಂತ ನನಗೆ ನಾನೇ ಮರುಕ ಪಟ್ಟುಕೊಂಡೆ. ಇನ್ನು ಇಪ್ಪತ್ತು ದಿವಸ ಬಾಯಿ ಮುಚ್ಚಿಕೊಂಡಿದ್ದರೆ ಮುಗೀತು ಅಂತ ಲೆಕ್ಕ ಹಾಕಿದೆ. ಅಷ್ಟೇ. ಹೆದರಿಕೆ ಕೂಡ ಅಲ್ಲ ಮಾದೇವಿ, ಹೆದರಿಕೆಯಾಗಿದ್ದರೆ ಸ್ವಲ್ಪವಾದರೂ ಮರ್ಯಾದೆ ಇರುತ್ತಿತ್ತು.

ಸೋಮವಾರ ವಹಿ ಹಂಚುವಾಗ ನಿನ್ನ ಹೆಸರು ಬರಲಿಲ್ಲ. ಎಲ್ಲರೂ ಹೋದಮೇಲೆ ನೀನು ಮೇಜಿನ ಹತ್ತಿರ ಬಂದು ನಿಂತೆ.

"ಅಕ್ಕೋರ, ನನ್ನ ವಹಿ?"

"ಇನ್ನಾ ನೋಡಿಲ್ಲವಾ. ಭಾಳ ಅದಾವ."

ಇದು ಆ ಮೊದಲ ಸುಳ್ಳು. ನೀನು "ಹೂಂರಿ" ಅಂದೆ. ಹೋಗಲಿಲ್ಲ. ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತೆ. ನಾನು ಹಾಜರಿ ಪುಸ್ತಕದಲ್ಲಿ ತಲೆ ಹುದುಗಿಸಿಕೊಂಡು ಏನೋ ಬರೆಯುವ ಸೋಗು ಹಾಕಿದೆ. "ಲಗೂ ನೋಡ್ರಿ ಅಕ್ಕೋರ" ಅಂದು ನೀನು ಹೋದೆ. ಬುಧವಾರದಿಂದ ನೀನು ಸಾಲಿಗೆ ಬರಲಿಲ್ಲ.

ಶುಕ್ರವಾರ ಬಂದವನು ನಿನ್ನಪ್ಪ ಈರಪ್ಪ. ಇದು ನಿನಗೆ ಅರ್ಧ ಗೊತ್ತು. ಚಪ್ಪಲಿ ಮೆಟ್ಟಿಲ ಕೆಳಗೇ ಬಿಟ್ಟು, ಅರಿಷಿಣ ಹಚ್ಚಿದ ಲಗ್ನಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ. "ಬಸವಣ್ಣಗ ಒಂದ ಇಟ್ಟು, ಮುಂದಿಂದು ನಿಮಗ ತಂದೇನ್ರಿ ಅಕ್ಕೋರ" ಅಂದ. ನಾನು ಕೂಡ್ರಿ ಅಂದರೂ ಕೂಡ್ರಲಿಲ್ಲ. ನಿನ್ನಜ್ಜಿ, ಅವನ ಅತ್ತಿ, ಹಾಸಿಗೆ ಹಿಡಿದಿದ್ದಾಳೆ, ಕಣ್ಣು ಮುಚ್ಚುವುದರೊಳಗೆ ಮಗನ ಲಗ್ನ ನೋಡಬೇಕು ಅನ್ನುತ್ತಾಳೆ, ಹೆಂಡತಿ ದಿನಾ ಅಳುತ್ತಾಳೆ ಅಂತ ಹೇಳಿದ. ಹೇಳುವಾಗ ಅವನು ನೆಲ ನೋಡುತ್ತಿದ್ದ. ಆಮೇಲೆ ತಲೆ ಎತ್ತಿ ನನ್ನನ್ನೇ ನೋಡಿದ.

"ಹುಡುಗಿ ಶ್ಯಾಣ್ಯಾ ಐತಿ ಅಂತ ನೀವ ಹೇಳ್ತಿದ್ರಿ. ನೀವೇನಂತೀರಿ ಅಕ್ಕೋರ?"

ನಿನ್ನ ವಹಿ ನನ್ನ ಕಾಲ ಹತ್ತಿರ, ಬ್ಯಾಗಿನಲ್ಲಿತ್ತು. ಅಪ್ಪ ಕೇಳುತ್ತಾನೆ ಅಂತ ನೀನು ಬರೆದಿದ್ದೆಯಲ್ಲ — ಕೇಳಲಿಕ್ಕೇ ಬಂದು ನಿಂತಿದ್ದ ಅವನು. ಒಂದು ಮಾತು, ಒಂದೇ ಒಂದು. ಪರೀಕ್ಷೆ ಮುಗಿಯಲಿ ಈರಪ್ಪ, ಹುಡುಗಿಗೆ ಮನಸ್ಸಿಲ್ಲ... ನಾಲಿಗೆಯ ತುದಿಯವರೆಗೆ ಬಂದಿತ್ತು.

"ಹಿರ್ಯಾರು ನೋಡಿ ಮಾಡೀರಿ. ಒಳ್ಳೇದ ಆಗತದ ತಗೋರಿ" ಅಂದೆ.

ಅವನು ಪತ್ರಿಕೆಯನ್ನು ಮೇಜಿನ ಮೇಲಿಟ್ಟು, ಕೈ ಮುಗಿದು ಹೋದ. ನಿನ್ನ ಲಗ್ನಕ್ಕೆ ನಾನು ಬರಲಿಲ್ಲ. ಆ ವಾರವೇ ನನಗೆ ಬಿಡುಗಡೆಯಾಯಿತು. ಸಾಲಿಯಲ್ಲಿ ಶಾಲು ಹೊದಿಸಿ, ಮಕ್ಕಳ ಮೇಲೆ ತಾಯಿಯಂಥ ಪ್ರೀತಿ ಇಟ್ಟವರು ಅಂತ ಭಾಷಣ ಮಾಡಿದರು. ನಾನು ಅತ್ತೆ ಕೂಡ. ಥೂ.

ಬೆಳಗಾವಿಯಲ್ಲಿ ಹದಿನೇಳು ವರ್ಷ ಕಲಿಸಿದೆ. ಪ್ರತಿ ವರ್ಷ ಆ ಪಾಠ ಬರುತ್ತಿತ್ತು. ಮನೆಯ ವಾಕ್ಯ ಬರೆಸುವುದನ್ನು ಬಿಟ್ಟುಬಿಟ್ಟೆ. ಗೈಡಿನೊಳಗಿನದೇ ಬರೀರಿ, ಸಾಕು ಅನ್ನುತ್ತಿದ್ದೆ. ಯಾಕೆ ಅಂತ ಯಾರೂ ಕೇಳಲಿಲ್ಲ. ನಿನ್ನ ವಹಿ ಕಪಾಟಿನಲ್ಲಿ, ಸೀರೆಗಳ ಕೆಳಗೆ ಉಳಿಯಿತು. ಬಿಸಾಕಲು ಆಗಲಿಲ್ಲ. ತೆಗೆದು ನೋಡಲೂ ಆಗಲಿಲ್ಲ.

ನಿವೃತ್ತಿಯಾದ ಮೇಲೆ, ಈಗ ಮೂರು ತಿಂಗಳ ಹಿಂದೆ, ಇಲ್ಲಿಯ ಕ್ಯಾಂಪ್ ಭಾಗದ ಬೇಕರಿಯಲ್ಲಿ ಖಾರಿ ಬಿಸ್ಕೀಟು ಕಟ್ಟಿಸಿಕೊಳ್ಳುತ್ತಿದ್ದಾಗ ಒಳಗಿನಿಂದ ಒಂದು ದನಿ. "ಅಕ್ಕೋರ! ಗುರ್ತ ಹತ್ತಲಿಲ್ಲೇನ್ರಿ?" ನನಗೆ ಹತ್ತಲಿಲ್ಲ, ಖರೇ ಹೇಳುತ್ತೇನೆ. ಮೂವತ್ತನಾಲ್ಕಕ್ಕೆ ನಿನ್ನ ಅರ್ಧ ಕೂದಲು ಬೆಳ್ಳಗಾಗಿತ್ತು. ಹೆಸರು ಹೇಳಿದಾಗ ಪೊಟ್ಟಣ ಕೈಜಾರಿತು. ನೀನು ನಗುತ್ತ ಎತ್ತಿಕೊಟ್ಟೆ, ಒಡೆದದ್ದನ್ನು ತೆಗೆದು ಬೇರೆ ಹಾಕಿಕೊಟ್ಟೆ. ಮುಂದಿನ ರವಿವಾರವೇ ಮಗಳನ್ನು ಕರೆದುಕೊಂಡು ಬಂದೆ. ಸೃಷ್ಟಿ, ಒಂಬತ್ತನೆಯ ಇಯತ್ತೆ, ನಿನ್ನದೇ ಮೂಗು. "ಇಕೀಗಿ ಇಂಗ್ಲಿಷ್ ಹೇಳಿಕೊಡ್ರಿ. ನಿಮ್ಮಂಗ ಹೇಳೂದು ಯಾರಿಗೂ ಬರಂಗಿಲ್ಲ."

ರವಿವಾರ ರವಿವಾರ ಒಂದೊಂದು ಮಾತು ಬಿಚ್ಚಿದೆ ನೀನು. ಲಗ್ನವಾದ ಮೂರನೆಯ ತಿಂಗಳಿಗೆ ಅಜ್ಜಿ ತೀರಿಕೊಂಡದ್ದು. ನಿಲ್ಲದೆ ಹೋದ ಎರಡು ಬಸಿರು. ಗೋವಾಕ್ಕೆ ಕೆಲಸಕ್ಕೆ ಹೋದ ಗಂಡ ಅಲ್ಲೇ ಇನ್ನೊಂದು ಮನೆ ಮಾಡಿದ್ದು. ಎಲ್ಲವನ್ನೂ ನೀನು ಮಳೆ ಬಂತು, ಬಸ್ಸು ತಡವಾಯಿತು ಅನ್ನುವಷ್ಟು ಸಾದಾ ಹೇಳುತ್ತಿದ್ದೆ. ನಾನು ಚಹಾ ಮಾಡುವ ನೆವದಿಂದ ಒಳಗೆ ಹೋಗಿ ಒಲೆಯ ಮುಂದೆ ನಿಲ್ಲುತ್ತಿದ್ದೆ.

ಹೋದ ರವಿವಾರ ಸೃಷ್ಟಿಗೆ ಆ ಪಾಠವೇ ಬಂತು. ಅವಳು ಬರೆದ ವಾಕ್ಯವನ್ನು ನೀನು ತೊಡರುತ್ತ ತೊಡರುತ್ತ ಓದಿದೆ, 'ಮೈ ಮದರ್ ಹ್ಯಾಸ್ ಟು ಸ್ಟ್ಯಾಂಡ್ ಆಲ್ ಡೇ.' ನಕ್ಕೆ. ಆಮೇಲೆ ಅವಳನ್ನು ಅಂಗಳಕ್ಕೆ ಕಳಿಸಿ ಅಂದೆ —

"ನಾನೂ ಬರದಿದ್ನಿರಿ ಅಕ್ಕೋರ, ಆವಾಗ. ನನ್ನ ವಹಿ ನಿಮ್ಮ ಕಡೀನ ಉಳೀತು. ನೀವು ತಗದೂ ನೋಡಿರ್ಲಿಕ್ಕಿಲ್ಲ. ಅಷ್ಟ ವಹಿ ಇರತಾವು, ನೀವರ ಏನ್ ಮಾಡ್ತೀರಿ."

ನೀನು ಮುಂದುವರಿಸಿದೆ.

"ಅಪ್ಪ ಸಾಯೂ ಮುಂದ ಅಂದಾ, ಅಕ್ಕೋರು ಬ್ಯಾಡ ಅಂದಿದ್ರ ನಾ ನಿಲ್ಲಸ್ತಿದ್ನಿ, ಅದಕ್ಕ ಅವರ್ನ ಕೇಳಾಕ ಹೋಗಿದ್ನಿ ಅಂತ. ನಾ ಅಂದೆ, ಅವರಿಗೇನ್ ಗೊತ್ತ ಅಪ್ಪಾ, ಅವರು ಓದಿದ್ದಿಲ್ಲ. ಓದಿದ್ರ ಅವರು ಸುಮ್ಮ ಕುಂಡ್ರಾವರ ಅಲ್ಲ. ಅದೊಂದ ನೋಡ್ರಿ ನನಗ ಸಮಾಧಾನ. ಓದಿ ಬಿಟ್ಟಿದ್ರು ಅಂದಿದ್ರ ಹೆಂಗ ತಡಕೊಳ್ತಿದ್ನೋ... ಓದಿದ್ದಿಲ್ಲ ಹೌದಿಲ್ರಿ?"

"ಇಲ್ಲವಾ. ನೋಡಲಿಲ್ಲ" ಅಂದೆ.

ನಿನ್ನ ಮುಖ ಹಗುರಾಯಿತು. ಎದ್ದು ಹೋಗುವಾಗ ಹೊಸ್ತಿಲಲ್ಲಿ ತಿರುಗಿ, "ಇಕೀ ವಹಿ ಮಾತ್ರ ಪೂರಾ ಓದ್ರಿ ಅಕ್ಕೋರ" ಅಂದೆ.

ಆ ಮಾತು ಕೇಳಿದ ಮೇಲೆ ಈ ವಾರವೆಲ್ಲ ಒಂದನ್ನೇ ಯೋಚಿಸಿದೆ. ನಿನಗಿದ್ದ ಆ ಒಂದು ಸಮಾಧಾನವನ್ನೂ ಕಸಿಯಲೇ, ಈ ವಯಸ್ಸಿನಲ್ಲಿ, ನನ್ನ ಮನಸ್ಸು ಹಗುರಾಗಲಿ ಅಂತ? ಹಾಗೆ ಯೋಚಿಸಿ ಸುಮ್ಮನಿರಲು ನೋಡಿದೆ. ಅಷ್ಟರಲ್ಲಿ ಹೊಳೆಯಿತು — ಇದೂ ಅದೇ ಹಳೆಯ ಲೆಕ್ಕ, ಬಾಯಿ ಮುಚ್ಚಿಕೊಂಡಿದ್ದರೆ ಮುಗೀತು ಅನ್ನುವ ಲೆಕ್ಕ. ನೀನು ಮಗಳನ್ನು ತಂದು ಯಾರ ಕೈಯಲ್ಲಿ ಕೊಡುತ್ತಿದ್ದೀ ಅನ್ನುವುದು ನಿನಗೆ ಗೊತ್ತಿರಬೇಕು. ಸಾಯುವಾಗ ನಿನ್ನಪ್ಪ ಹೇಳಿದ್ದು ಖರೇ ಇತ್ತು, ಅದನ್ನು ನೀನು ನನ್ನ ಸಲುವಾಗಿ ತಳ್ಳಿಹಾಕಿದೆ. ಅದೂ ನಿನಗೆ ಗೊತ್ತಿರಬೇಕು.

ನಾಳೆ ರವಿವಾರ. ಹತ್ತು ಗಂಟೆಗೆ ನೀವಿಬ್ಬರೂ ಬರುತ್ತೀರಿ. ನೀನು ಚಪ್ಪಲಿ ಬಿಡುವ ಮೊದಲೇ ಈ ಕಾಗದ ಇಟ್ಟ ನಿನ್ನ ವಹಿಯನ್ನು ಕೈಗೆ ಕೊಡುತ್ತೇನೆ. ಕೊನೆಯ ಪುಟದಲ್ಲಿ ನನ್ನ ಟಿಕ್ ಇದೆ, ಸಹಿ ಇದೆ, ತಾರೀಖು ಇದೆ, ನೀನು ಮೇಜಿನ ಹತ್ತಿರ ಬಂದು ಕೇಳಿದ್ದಕ್ಕಿಂತ ಮೂರು ದಿವಸ ಮೊದಲಿನದು. ಸೃಷ್ಟಿಯನ್ನು ಹಾಗೇ ವಾಪಸ್ ಕರೆದುಕೊಂಡು ಹೋಗು. ಬಾಯಿಗೆ ಬಂದಂತೆ ಬೈ, ಓಣಿಯೆಲ್ಲ ಕೇಳಲಿ. ಏನೂ ಅನ್ನದೆ ಹೋದರೂ ಹೋಗು. ಒಂದೇ ಒಂದು ಬೇಡಿಕೆ — ಅಷ್ಟು ವಹಿ ಇರುತ್ತವೆ, ನೀವಾದರೂ ಏನು ಮಾಡುತ್ತೀರಿ ಅಂತ ಮಾತ್ರ ಅನ್ನಬೇಡ. ಅವತ್ತು ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಇದ್ದದ್ದು ಒಂದೇ ವಹಿ, ಮಾದೇವಿ. ನಿನ್ನದು.