ಅಡುಗೆಮನೆಯ ಪಾಲಿನ ಸ್ಪೀಕರ್

ಮೊನ್ನೆ ಬೆಳಿಗ್ಗೆ ಹಾಲಿನವನಿಗೆ ಗೇಟು ತೆಗೆಯಲು ಹೋದಾಗ, ಮೇಲಿನ ಮನೆಯವರು ಹೊಸ ಹೋಮ್ ಥಿಯೇಟರಿನ ಖಾಲಿ ಡಬ್ಬವನ್ನು ನಮ್ಮ ಮೆಟ್ಟಿಲ ಕೆಳಗೆ ಇಟ್ಟು ಹೋಗಿದ್ದು ಕಂಡಿತು. ಡಬ್ಬದ ಮೇಲೊಂದು ಚಿತ್ರ. ನಡುವೆ ಸೋಫಾ, ಅದರ ಮೇಲೆ ಕಾಲು ಚಾಚಿ ಕೂತ ಒಬ್ಬ ಗಂಡಸು, ಅವನ ಸುತ್ತ ಐದು ಸ್ಪೀಕರು, ಪ್ರತಿ ಸ್ಪೀಕರಿನಿಂದಲೂ ಅವನ ತಲೆಯ ಕಡೆಗೆ ಎಳೆದ ಒಂದೊಂದು ಬಾಣ. ನನಗೆ ಬೆಳಬೆಳಿಗ್ಗೆಯೇ ಪಿತ್ತ ನೆತ್ತಿಗೇರಿತು. ಡಬ್ಬ ಇಟ್ಟವರ ಮೇಲಲ್ಲ, ಆ ಕೂತವನ ಮೇಲೆ. ಬೇಕಾದರೆ ನೀವೂ ನೋಡಿ, ಯಾವ ಅಂಗಡಿಯ ಡಬ್ಬವಾದರೂ ಅಲ್ಲಿ ಕೂತಿರುವುದು ಅವನೇ. ಅವನಿಗೆ ಕಾಫಿ ತಂದುಕೊಟ್ಟವಳು ಚಿತ್ರದಲ್ಲಿ ಎಲ್ಲೂ ಇರುವುದಿಲ್ಲ.

ಈ ಸಿಟ್ಟು ಇವತ್ತಿನದಲ್ಲ. ನಮ್ಮ ತವರು ಜಂಗಮಕೋಟೆ ಕಡೆಯ ಒಂದು ಹಳ್ಳಿ. ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮೂವರ ಸಂಸಾರವೂ ಒಂದೇ ಸೂರಿನಡಿ, ಜೊತೆಗೆ ಅಜ್ಜಿ. ರೇಷ್ಮೆ ಗೂಡು ಮಾರಿ ಬಂದ ದುಡ್ಡಿನಲ್ಲಿ ಏನು ತಂದರೂ ಸಮಪಾಲು ಮಾಡಬೇಕೆಂಬುದು ತಾತನ ಕಾಲದಿಂದ ಬಂದ ಕಟ್ಟಳೆ. ಬಟ್ಟೆ ತಂದರೆ ಪಾಲು, ಮೈಸೂರುಪಾಕು ತಂದರೆ ಪಾಲು. ತಾತ ಒಮ್ಮೆ ಹತ್ತು ಲೋಟ ತಂದು, ಹಂಚಿ ಮಿಕ್ಕಿದ್ದನ್ನು ಜಗಳವೇಕೆಂದು ಅಂಗಡಿಗೇ ವಾಪಸು ಕೊಟ್ಟು ಬಂದಿದ್ದರಂತೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದಾಗ, ಒಂದು ಒಳ್ಳೆಯ ಬೆಳೆ ಬಂದ ಖುಷಿಯಲ್ಲಿ ಅಪ್ಪ ಶಿಡ್ಲಘಟ್ಟದಿಂದ ಹೋಮ್ ಥಿಯೇಟರ್ ತಂದರು. ಐದು ಪುಟ್ಟ ಸ್ಪೀಕರು, ಗುಡುಗುಟ್ಟಲು ಒಂದು ದೊಡ್ಡ ಪೆಟ್ಟಿಗೆ. ಕಟ್ಟಳೆಯ ಪ್ರಕಾರ ಅವೂ ಪಾಲಾದವು.

ನಗಬೇಡಿ. ಆವತ್ತು ನಮಗೆ ಅದು ನ್ಯಾಯವಾಗಿಯೇ ಕಂಡಿತ್ತು. ಮುಂಭಾಗಕ್ಕೆಂದು ಕೊಟ್ಟಿದ್ದ ಎರಡು ಸ್ಪೀಕರಿನಲ್ಲಿ ಒಂದು ದೊಡ್ಡಪ್ಪನ ಕೋಣೆಗೆ, ಇನ್ನೊಂದು ಅಪ್ಪನ ಕೋಣೆಗೆ. ಅಡ್ಡಡ್ಡ ಉದ್ದವಾಗಿದ್ದ ನಡುವಿನದು ಅಜ್ಜಿಯ ಕೋಣೆಯ ಗೂಡಿನಲ್ಲಿ ಸರಿಯಾಗಿ ಕೂತಿತೆಂದು ಅಜ್ಜಿಗೆ. ಹಿಂಭಾಗದ ಎರಡರಲ್ಲಿ ಒಂದು ಚಿಕ್ಕಪ್ಪನಿಗೆ, ಉಳಿದದ್ದು ಹೆಂಗಸರಿಗೆಲ್ಲ ಸೇರಿ ಅಡುಗೆಮನೆಗೆ. ಟಿವಿ ಮತ್ತು ಗುಡುಗಿನ ಪೆಟ್ಟಿಗೆ ಮಾತ್ರ ನಡುಮನೆಯಲ್ಲಿ ಎಲ್ಲರಿಗೂ ಸೇರಿದವು. ನಾನಾಗ ಬಿ.ಎಸ್ಸಿ. ಓದುತ್ತಿದ್ದೆ. ಶಬ್ದದ ಅಲೆಗಳ ಮೇಲೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದವಳು. ಗೋಡೆಯುದ್ದಕ್ಕೂ ವೈರು ಎಳೆಯುವಾಗ ಸ್ಟೂಲು ಅಲ್ಲಾಡದಂತೆ ಹಿಡಿದುಕೊಂಡಿದ್ದೆನೇ ಹೊರತು, ನನ್ನ ತಲೆಗೂ ಏನೂ ಹೊಳೆಯಲಿಲ್ಲ.

ಮೊದಲ ಕೆಲವು ತಿಂಗಳು ಯಾವ ತಕರಾರೂ ಇರಲಿಲ್ಲ. ಹಾಕುತ್ತಿದ್ದದ್ದು ಹಳೆಯ ವಿಸಿಡಿಗಳು. ಅವುಗಳಲ್ಲಿ ಇರುತ್ತಿದ್ದದ್ದು ಎಡ, ಬಲ ಎರಡೇ ದಾರಿಯ ಸದ್ದು. ಮಿಷನ್ನು ಅದನ್ನೇ ಐದೂ ಕಡೆಗೆ ಹಂಚುತ್ತಿತ್ತು. ಬೆಳಗಿನ ಭಕ್ತಿಗೀತೆ ದೊಡ್ಡಪ್ಪನಿಗೂ ಕೇಳುತ್ತಿತ್ತು, ರಾಗಿಮುದ್ದೆ ತೊಳಸುತ್ತಿದ್ದ ಅಮ್ಮನಿಗೂ ಕೇಳುತ್ತಿತ್ತು. ಸಿನಿಮಾ ಹಾಕಿದಾಗ ಗಂಡಸರು ಅವರವರ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಹೆಂಗಸರು ಒಲೆಯ ಮುಂದೆಯೇ ಇದ್ದು ಮಾತು ಕೇಳಿಸಿಕೊಂಡು ಕಥೆ ಕಟ್ಟಿಕೊಳ್ಳುತ್ತಿದ್ದರು.

ಆಮೇಲೆ ಅಸಲಿ ಡಿವಿಡಿ ಬಂತು. ಅದರಲ್ಲಿ ಐದು ಸ್ಪೀಕರಿಗೆ ಐದು, ಗುಡುಗಿನ ಪೆಟ್ಟಿಗೆಗೆ ಒಂದು ಎಂದು ಸದ್ದನ್ನು ಬೇರೆ ಬೇರೆಯಾಗಿಯೇ ತುಂಬಿರುತ್ತಾರೆ. ಒಂದೇ ಸಾರನ್ನು ಐದು ಎಲೆಗೆ ಬಡಿಸುವುದು ಬೇರೆ, ಒಂದು ಎಲೆಗೆ ಬರೀ ಅನ್ನ, ಇನ್ನೊಂದಕ್ಕೆ ಬರೀ ಉಪ್ಪಿನಕಾಯಿ ಹಾಕುವುದು ಬೇರೆ. ನಮ್ಮ ಮನೆಯಲ್ಲಿ ಆದದ್ದು ಎರಡನೆಯದು. ಮಾತೆಲ್ಲ ಅಜ್ಜಿಯ ಪಾಲಿಗೆ ಹೋಯಿತು. ಕಣ್ಣು ಮಂಜಾಗಿದ್ದ ಅಜ್ಜಿ ಮಲಗಿದ್ದಲ್ಲೇ ಇಡೀ ಕಥೆ ಕೇಳಿ, ಕೊನೆಯಲ್ಲಿ ಕಣ್ಣೊರೆಸಿಕೊಂಡಿತು. ದೊಡ್ಡಪ್ಪನಿಗೂ ಅಪ್ಪನಿಗೂ ಬಂದದ್ದು ಪಿಟೀಲು ಮತ್ತು ಡೋಲು. ಚಿಕ್ಕಪ್ಪನಿಗೆ ಎಲ್ಲೋ ಹಕ್ಕಿ ಕೂಗಿದ್ದು.

ಅಡುಗೆಮನೆಗೆ ಬಂದದ್ದು ಮಳೆ. ತೆರೆಯ ಮೇಲೆ ಯಾರೋ ನಾಯಕ ನೆನೆಯುತ್ತಿದ್ದನಂತೆ. ಒಲೆಯ ಮುಂದಿದ್ದವರಿಗೆ ಅದು ಹೇಗೆ ಗೊತ್ತಾಗಬೇಕು? ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗಳನ್ನು ತೊಳೆದು ಹಿತ್ತಲಲ್ಲಿ ಒಣಗಲು ಇಟ್ಟಿದ್ದರು. ಮಳೆಯ ಸದ್ದು ಕೇಳಿದ್ದೇ ಅಮ್ಮ, ದೊಡ್ಡಮ್ಮ, ಚಿಕ್ಕಮ್ಮ ಸೌಟು ಬಿಸಾಕಿ ಓಡಿದರು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಂದೊಂದು ಚಂದ್ರಂಕಿ ಹಿಡಿದುಕೊಂಡು ಮೂವರೂ ಆಕಾಶ ನೋಡುತ್ತ ನಿಂತದ್ದನ್ನು ಕಂಡು ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಊರಿಗೆಲ್ಲ ಹೇಳಿಕೊಂಡು ನಕ್ಕರು. ಈಗಲೂ ಮದುವೆ ಮನೆಗಳಲ್ಲಿ ಹೇಳುತ್ತಾರೆ. ಆದರೆ ಅವರು ನೋಡುತ್ತಿದ್ದ ಸಿನಿಮಾ ಇವರೇಕೆ ನೋಡುತ್ತಿರಲಿಲ್ಲ ಎಂದು ಒಬ್ಬರೂ ಕೇಳಿದ್ದು ನನಗೆ ನೆನಪಿಲ್ಲ.

ದೊಡ್ಡಪ್ಪನಿಗೆ ನಗು ಮುಗಿದ ಮೇಲೆ ಅನುಮಾನ ಶುರುವಾಯಿತು. ಮಾತು ಬರುವ ಸ್ಪೀಕರನ್ನು ಬಿಟ್ಟು ಕೆಟ್ಟದ್ದನ್ನು ತಮ್ಮ ತನಗೆ ಅಂಟಿಸಿದ್ದಾನೆಂದು ಒಂದು ವಾರ ಅಪ್ಪನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಕೊನೆಗೆ ಮಾರಿದ ಅಂಗಡಿಯವನನ್ನೇ ಕರೆಸಿದರು. ಆ ಮಹಾನುಭಾವ ಎರಡು ದಾರಿಯ ಸದ್ದಿನ ವಿಸಿಡಿಗಳ ಮೇಲೂ ಐದು ಸ್ಪೀಕರಿನ ಚಿತ್ರ ಅಂಟಿಸಿ ಮಾರುತ್ತಿದ್ದವನು. ಮಾರುವಾಗ ಒಂದು ಮಾತು ಹೇಳದೆ, ಈಗ ಬಂದು ವೈರುಗಳನ್ನು ನೋಡಿ ಗಹಗಹಿಸಿ ನಕ್ಕ. ಐದೂ ಒಂದೇ ಕೋಣೆಯಲ್ಲಿರಬೇಕು, ನಡುವೆ ಒಂದು ಕುರ್ಚಿ ಹಾಕಬೇಕು, ಅಲ್ಲಿ ಕೂತವನಿಗಷ್ಟೇ ಸದ್ದು ಸರಿಯಾಗಿ ಕೂಡಿಕೊಳ್ಳುತ್ತದೆ ಎಂದು ಪಾಠ ಹೇಳಿದ. ಆ ಕುರ್ಚಿ ಯಾರದೆಂದು ಕೇಳುವ ಪ್ರಮೇಯವೇ ಬರಲಿಲ್ಲ. ಸಮಪಾಲಿನ ಕಟ್ಟಳೆ ಅದೊಂದು ಕುರ್ಚಿಯ ಮುಂದೆ ಬಾಯಿ ಮುಚ್ಚಿಕೊಂಡಿತು. ದೊಡ್ಡಪ್ಪ ಹೋಗಿ ಕೂತರು. ಅಡುಗೆಮನೆಯ ಸ್ಪೀಕರನ್ನು, ಅದರ ಮೇಲಿನ ಒಗ್ಗರಣೆ ಜಿಡ್ಡು ಒರೆಸಿ, ಅವರ ಬೆನ್ನ ಹಿಂದೆ ಮೊಳೆ ಹೊಡೆದು ನೇತುಹಾಕಲಾಯಿತು.

ಅಮ್ಮ ಆವತ್ತು ಅಡುಗೆಮನೆಯಲ್ಲಿ ಉಳಿದ ಖಾಲಿ ಮೊಳೆಗೆ ಜರಡಿ ತೂಗುಹಾಕಿದಳು, ಅಷ್ಟೆ. ಅವಳು ಆ ಮನೆಗೆ ಬಂದ ಮೇಲೆ ಒಂದು ಸಿನಿಮಾವನ್ನು ಮೊದಲಿನಿಂದ ಕೊನೆಯವರೆಗೆ ಕೂತು ನೋಡಿದವಳಲ್ಲ. ಬಾವನ ಎದುರು ತಮ್ಮನ ಹೆಂಡತಿ ಕೂರಬಾರದು, ಅವರು ಬಂದರೆ ಏಳಬೇಕು. ಬಾವ ಬೆಳಗಿನಿಂದ ರಾತ್ರಿಯವರೆಗೆ ನಡುಮನೆಯಲ್ಲೇ ಇರುವಾಗ ಕೂರುವುದೆಲ್ಲಿಂದ ಬಂತು? ಹೆಂಗಸರಿಗೆ ಅಡುಗೆಮನೆಯಲ್ಲಿ ಕೇಳುತ್ತಿದ್ದ ಒಂದಿಷ್ಟು ಸದ್ದೂ ಈಗ ನಿಂತುಹೋಗಿತ್ತು.

ಅವರೆಕಾಯಿ ಕಾಲ. ಅದೊಂದು ಭಾನುವಾರ ಮಧ್ಯಾಹ್ನ ಹೊಸ ಡಿವಿಡಿ ತಂದಿದ್ದರು. ದೊಡ್ಡಪ್ಪ ಕೈ ತೊಳೆದು ಬರುವಷ್ಟರಲ್ಲಿ ಅಮ್ಮ ನೆನೆಸಿದ ಅವರೆಕಾಳಿನ ಪಾತ್ರೆ ಹಿಡಿದುಕೊಂಡು ಬಂದು, ಆ ಕುರ್ಚಿಯಲ್ಲಿ ಕೂತು, ಸಿಪ್ಪೆ ಹಿತುಕಲು ಶುರುಮಾಡಿದ್ದಳು. ದೊಡ್ಡಪ್ಪ ಬಂದು ಎದುರಿಗೆ ನಿಂತರು. ಅಮ್ಮ ಏಳಲಿಲ್ಲ. ಅಪ್ಪ ಕಣ್ಣಲ್ಲೇ ಸನ್ನೆ ಮಾಡಿದರು. ಅವಳು ಆ ಕಡೆ ನೋಡಲೇ ಇಲ್ಲ. ಹುಳುಮನೆಯಲ್ಲಿ ಹುಳಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿದ್ದವು. ಆಗ ಅವುಗಳ ಹಸಿವಿಗೆ ಮಿತಿಯಿಲ್ಲ, ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳದಿದ್ದರೆ ಬೆಳೆಯೇ ಹೋದಂತೆ. ಸೊಪ್ಪು ಹಾಕುವುದು ಅಮ್ಮನ ಕೆಲಸ, ಆ ಹೊತ್ತೂ ಆಗಿತ್ತು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, ಹುಳಕ್ಕೆ ಹೊತ್ತಾಯಿತಲ್ಲ ಎಂದರು.

“ಆಯ್ತು ಬಾವ,” ಎಂದಳು ಅಮ್ಮ, ಕಾಳು ಹಿತುಕುತ್ತಲೇ. “ಸೊಪ್ಪು ಕೊಯ್ದು ಇಟ್ಟಿದೀನಿ. ಇವತ್ತು ಯಾರಾದ್ರೂ ಹಾಕ್ಲಿ. ನಾನು ಇದು ಮುಗಿಯೋವರ್ಗೂ ಏಳಲ್ಲ.”

 ಅಪ್ಪ ಬಾಯಿ ತೆರೆದರು. ಅಷ್ಟರಲ್ಲಿ ಅಜ್ಜಿ ಗೋಡೆ ಹಿಡಿದುಕೊಂಡು ತನ್ನ ಕೋಣೆಯಿಂದ ಬಂದು ಅಮ್ಮನ ಕಾಲ ಬಳಿ ಚಾಪೆಯ ಮೇಲೆ ಕೂತಿತು.

“ಪೋನೀಲೇರಾ, ಹೋಗ್ಲಿ ಬಿಡು,” ಎಂದಿತು ದೊಡ್ಡಪ್ಪನಿಗೆ. “ನಿನ್ಗೂ ಕೈ ಇದಾವಲ್ಲಪ್ಪ, ಹಾಕ್ಬಾ ಹೋಗು.”

 ದೊಡ್ಡಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹುಳುಮನೆಗೆ ಹೋದರು. ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ, ಚಿಕ್ಕಮ್ಮ ಮೆಲ್ಲಗೆ ಒಳಗೆ ಬಂದು ಪಾತ್ರೆಯ ಸುತ್ತ ಕೂತರು. ಅಮ್ಮ ಸಿನಿಮಾ ಪೂರ್ತಿ ನೋಡಿದಳು. ದೊಡ್ಡಪ್ಪ ಎಷ್ಟೋ ದಿನ ಅವಳ ಕೈಯಿಂದ ನೀರು ಕೂಡ ಇಸಕೊಳ್ಳಲಿಲ್ಲ. ಅಪ್ಪ ಅತ್ತ ಅಣ್ಣನಿಗೂ ಹೇಳಲಾರದೆ, ಇತ್ತ ಅಮ್ಮನಿಗೂ ಹೇಳಲಾರದೆ ತೋಟದಲ್ಲೇ ಹೊತ್ತು ಕಳೆದರು. ಒಂದು ಕುರ್ಚಿಯಲ್ಲಿ ಎರಡೂವರೆ ಗಂಟೆ ಕೂತದ್ದಕ್ಕೆ ಇಷ್ಟು. ಬರೆಯುವಾಗಲೂ ಮೈ ಉರಿಯುತ್ತದೆ.

ಡಬ್ಬದ ಚಿತ್ರ ನೋಡಿದ ದಿನವೇ ಅಮ್ಮನಿಗೆ ಫೋನ್ ಮಾಡಿದೆ. ಬೇಳೆ ಬೇಯಲು ಇಟ್ಟು, ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು, ಆವತ್ತಿನ ಸಿನಿಮಾದ ಕಥೆ ಏನಮ್ಮ ಎಂದು ಕೇಳಿದೆ. 

“ಕಥೆ ಮರ್ತೋಯ್ತು ಕಣಮ್ಮ. ಆವತ್ತು ಯಾರ್ಗೂ ಒಂದು ಲೋಟ ನೀರು ತಂದ್ಕೊಡಕ್ಕೂ ಎದ್ದಿರ್ಲಿಲ್ಲ ನಾನು. ಅದು ನೆನಪೈತೆ.”

ಫೋನ್ ಇಟ್ಟೆ. ಹಾಲ್‌ನಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ನೀರು ತರುತ್ತೀಯಾ ಎಂದು ನಮ್ಮವರು ಕೂಗಿದರು. ಒರಟಾಗಿಯೇನಲ್ಲ, ದಿನಾ ಕೇಳುವ ಹಾಗೆಯೇ ಕೇಳಿದರು. ನನ್ನ ಕೈ ಆಗಲೇ ಲೋಟಕ್ಕೆ ಹೋಗಿತ್ತು. ಇಷ್ಟು ವರ್ಷ ದೊಡ್ಡಪ್ಪನ ಮೇಲೆ ಹಲ್ಲು ಕಡಿದುಕೊಂಡು ಬಂದ ನಾನು, ನನ್ನದೇ ಮನೆಯ ಹಾಲ್‌ನಲ್ಲಿ ಕೊನೆಯವರೆಗೆ ಕೂತು ನೋಡಿದ್ದು ಏನೆಂದು ನೆನಪಿಸಿಕೊಳ್ಳಲು ನೋಡಿದೆ. ಒಂದೂ ಹೊಳೆಯಲಿಲ್ಲ. ಒಲೆ ಆರಿಸಿ, ಕೈ ಒರೆಸಿಕೊಂಡು ಹೋಗಿ ಅವರ ಪಕ್ಕದಲ್ಲಿ ಕಾಲು ಚಾಚಿ ಕೂತೆ. ಅವರು ನನ್ನ ಖಾಲಿ ಕೈ ನೋಡಿದರು.

ನೀರು ಅಡುಗೆಮನೆಯಲ್ಲಿದೆ ಎಂದೆ.